ತಗಡಿನ ಮಡಿಕೆ

"ಸಾರ್, ನಿಮ್ಮ ಶಿಲ್ಪ ನೆಟ್ಟಗಾಗ್ತಾ ಇದೆ" ಎಂದು ಪ್ರಭಾ ಫೋನಿನಲ್ಲಿ ಹೇಳಿದಾಗ ರೇವಣಸಿದ್ದ ನಂದಿನಿ ಲೇಔಟಿನ ತನ್ನ ಶೆಡ್ಡಿನಲ್ಲಿ ಕೂತು ಯಾರದೋ ಮನೆಯ ಗೇಟಿಗೆ ರೆಡ್ ಆಕ್ಸೈಡ್ ಬಳಿಯುತ್ತಿದ್ದ. ಪ್ರಭಾ ಎಂದರೆ ರಾಜಾಜಿನಗರದ ಒಂದು ಫೈನಾನ್ಸ್ ಕಂಪನಿಯಲ್ಲಿ ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವಾಕೆ. ಲಿಫ್ಟು, ಹೂಕುಂಡ, ಶೌಚಾಲಯದ ಸೋಪು ಇವುಗಳ ಜೊತೆಗೆ ಹೋದ ವರ್ಷದಿಂದ ರೇವಣಸಿದ್ದನ ಶಿಲ್ಪವೂ ಆಕೆಯ ಪಟ್ಟಿಯಲ್ಲಿ ಸೇರಿತ್ತು. ನೆಟ್ಟಗೆ ಅಂದರೆ ಹೇಗೆ ಎಂದು ಇವನು ಕೇಳಿದ. "ನೆಟ್ಟಗೆ ಅಂದ್ರೆ ನೆಟ್ಟಗೆ ಸಾರ್. ಮುಂಚೆ ಸೊಟ್ಟ ಇತ್ತಲ್ಲ, ಅದು. ಕಬ್ಬಿಣ ಬಿಸಿಲಿಗೆ ಹಿಗ್ಗುತ್ತಂತಲ್ಲ, ಹಾಗೇನಾದ್ರೂ ಇರ್ಬೋದಾ ಅಂತ ನಮ್ಮ ಮ್ಯಾನೇಜರ್ ಕೇಳ್ತಿದಾರೆ." ಅದು ಇರುವ ಹಜಾರದಲ್ಲಿ ಎಸಿ ಇದೆಯಲ್ಲ ಎಂದ. ಆಕೆ ಯೋಚಿಸಿ, "ಹೌದು, ಎಸಿ ಇದೆ" ಎಂದಳು. ಆಮೇಲೆ ಎರಡು ಫೋಟೊ ಬಂದವು, ಒಂದು ಶಿಲ್ಪವನ್ನು ತಂದು ನಿಲ್ಲಿಸಿದ ದಿನದ್ದು, ಇನ್ನೊಂದು ಅವತ್ತು ಬೆಳಿಗ್ಗೆಯದು. ರೇವಣಸಿದ್ದ ಬ್ರಷ್ಷನ್ನು ಡಬ್ಬಿಯಲ್ಲಿಟ್ಟು ಎರಡನೆಯದನ್ನು ದೊಡ್ಡದು ಮಾಡಿ ನೋಡಿದ. ಮಡಿಕೆಯ ಅಂಚಿನುದ್ದಕ್ಕೂ ಬೆರಳಗಲಕ್ಕೊಂದರಂತೆ ಮಂಕಾದ ಗುರುತುಗಳಿದ್ದವು. ಯಾವ ಗುರುತೂ ಇನ್ನೊಂದರ ಮೇಲೆ ಬಿದ್ದಿರಲಿಲ್ಲ. ಕಿಡಿಗೇಡಿಗಳು ಬಡಿದರೆ ಹೀಗೆ ಬಡಿಯುವುದಿಲ್ಲ. ಹಿಂದಿನಿಂದ ಕಬ್ಬಿಣದ ತುಂಡನ್ನು ಆನಿಸಿ ಹಿಡಿದು, ಮುಂದಿನಿಂದ ಮರದ ಕೊಡತಿಯಲ್ಲಿ ತಗಡಿಗೆ ನೋವಾಗದಂತೆ ಹೊಡೆದ ಪೆಟ್ಟುಗಳು ಅವು. ಹೊಡೆದವನಿಗೆ ತಗಡು ಗೊತ್ತು. ತನಗಿಂತ ಚೆನ್ನಾಗಿ ಗೊತ್ತು ಎಂದು ಹೊಳೆದಾಗ ರೇವಣಸಿದ್ದನಿಗೆ ಮೊದಲು ಆದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು.

ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ನಿಂತ. ಒಂದೇ ನಿಲ್ದಾಣ, ನಡೆದೇ ಹೋಗಬಹುದಿತ್ತು, ಆದರೆ ನಡೆದರೆ ಯೋಚನೆ ಬರುತ್ತದೆ. ಮೂವತ್ತಮೂರು ವಯಸ್ಸಿನ ಅವನನ್ನು ಪತ್ರಿಕೆಗಳು ಇನ್ನೂ ಭರವಸೆಯ ಯುವ ಶಿಲ್ಪಿ ಎಂದೇ ಕರೆಯುತ್ತಿದ್ದವು. ಭರವಸೆ ಹುಟ್ಟಿದ್ದು ಇದೇ ಶಿಲ್ಪದಿಂದ. ಒಂಬತ್ತು ವರ್ಷದ ಹಿಂದೆ ರಾಜ್ಯಮಟ್ಟದ ಪ್ರದರ್ಶನವೊಂದರಲ್ಲಿ ಇದಕ್ಕೆ ಬಹುಮಾನ ಬಂದಾಗ ಅವನಿನ್ನೂ ಕಲಾಶಾಲೆಯ ಮೊದಲ ವರ್ಷದಲ್ಲಿದ್ದ. ಎದೆಯೆತ್ತರದ ಒಂದು ತಗಡು, ಕೆಳಗಿನ ಎಡಮೂಲೆಯಿಂದ ಎದ್ದು ತನ್ನ ಮೇಲೆ ತಾನೇ ಮಗುಚಿಕೊಂಡು, ಮೇಲೆ ಹೋಗುತ್ತಾ ಮನಸ್ಸು ಬದಲಾಯಿಸಿದಂತೆ ಬಿಚ್ಚಿಕೊಂಡದ್ದು. ಅದನ್ನು ತುಕ್ಕು ಹಿಡಿಸಿ, ಮೇಣ ಉಜ್ಜಿ, ಕಲ್ಲಿನ ಮೇಲೆ ನಿಲ್ಲಿಸಿದ್ದ. ಹೆಸರು 'ಶೀರ್ಷಿಕೆ ಇಲ್ಲ'. ಆಕಸ್ಮಿಕವನ್ನು ಹದ್ದುಬಸ್ತಿನಲ್ಲಿಡಬಲ್ಲ ಕೈ ಎಂದು ಒಬ್ಬ ವಿಮರ್ಶಕರು ಬರೆದರು. ಆಮೇಲೆ ಅವನು ಎಷ್ಟೋ ತಗಡುಗಳನ್ನು ಮಡಚಿದ. ಕಾಯಿಸಿ ಮಡಚಿದ, ತಣ್ಣಗೇ ಮಡಚಿದ, ಒಮ್ಮೆ ಟೆಂಪೊ ಹತ್ತಿಸಿ ಮಡಚಿದ. ನೋಡಿದವರೆಲ್ಲ ತಲೆದೂಗಿ, ಆ ಮೊದಲಿನದರಲ್ಲಿ ಏನೋ ಒಂದು ಇತ್ತು ಎನ್ನುತ್ತಿದ್ದರು. ಏನೋ ಒಂದು ಇತ್ತು ನಿಜ. ಇನ್ನೂರು ಟನ್ನಿನ ಹೈಡ್ರಾಲಿಕ್ ಪ್ರೆಸ್ ಇತ್ತು, ಪ್ರೆಸ್ಸಿನ ಮುಂದೆ ಕರಿಬಸಪ್ಪ ಇದ್ದ. ರೇವಣಸಿದ್ದ ಆ ತಗಡಿನ ಮೇಲೆ ಒಂದು ಪೆಟ್ಟನ್ನೂ ಹಾಕಿರಲಿಲ್ಲ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗಳ ಮುಚ್ಚಳ ಒತ್ತುತ್ತಿದ್ದರು. ಐಟಿಐ ಮುಗಿಸಿ ಸಿಂದಗಿಯಿಂದ ಬಂದ ರೇವಣಸಿದ್ದನಿಗೆ ಅಲ್ಲಿ ಪ್ರೆಸ್ಸಿಗೆ ಅಚ್ಚು ಕೂರಿಸುವ ಕೆಲಸ. ಗಜೇಂದ್ರಗಡದ ಕಡೆಯ ಕರಿಬಸಪ್ಪ ಅಲ್ಲಿ ಎಲ್ಲರಿಗಿಂತ ಹಿರಿಯ ಆಪರೇಟರು. ಎಲ್ಲರೂ ಅವನನ್ನು ಕಾಕಾ ಎನ್ನುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಅದರಲ್ಲಿ ಎರಡು ರೊಟ್ಟಿ ರೇವಣಸಿದ್ದನ ಹೆಸರಿಗೇ ಇರುತ್ತಿದ್ದವು. ಒಂದು ದಿನ ಮಧ್ಯಾಹ್ನ ಅಚ್ಚು ಜಾರಿತು, ತಗಡು ಮಗುಚಿತು, ಅಚ್ಚು ಸೀಳಿತು. ಇಡೀ ಆರ್ಡರು ನಿಂತಿತು. ಆಪರೇಟರಿನ ಅಜಾಗರೂಕತೆ ಎಂದು ಬರೆದು ಕರಿಬಸಪ್ಪನನ್ನು ತೆಗೆದುಹಾಕಿದರು. ಅವನು ವಾದ ಮಾಡಲಿಲ್ಲ, ಎರಡು ದಿನ ಬಂದು ಗೇಟಿನ ಹತ್ತಿರ ನಿಂತಿದ್ದು ಮೂರನೆಯ ದಿನ ಬರಲಿಲ್ಲ. ಗುಜರಿಯ ಮೂಲೆಯಲ್ಲಿ ಬಿದ್ದಿದ್ದ ಆ ತಗಡನ್ನು ರೇವಣಸಿದ್ದ ಕೇಳಿ ತೆಗೆದುಕೊಂಡು ಹೋದ. ಕಾಕಾನ ಕೈಕೆಲಸವನ್ನು ಕದ್ದೆ ಎಂಬ ಅಳುಕು ಈ ಒಂಬತ್ತು ವರ್ಷ ಅವನ ಜೊತೆಗಿತ್ತು. ಅದು ಅಷ್ಟೇನೂ ಹಿಂಸೆ ಕೊಡುವ ಅಳುಕಾಗಿರಲಿಲ್ಲ. ಸಂದರ್ಶನಗಳಲ್ಲಿ ಅದನ್ನು ತುಸು ತೋರಿಸುತ್ತಿದ್ದ ಕೂಡ. ನನ್ನ ಕೃತಿಗಳಲ್ಲಿ ಹೆಸರಿಲ್ಲದ ಕಾರ್ಮಿಕರ ಕೈಗಳಿವೆ ಎಂದು ಹೇಳಿದಾಗ ಎದುರಿಗಿದ್ದವರು ಬರೆದುಕೊಳ್ಳುತ್ತಿದ್ದರು. ಆ ಅಳುಕಿನ ಕೆಳಗೆ ಇನ್ನೊಂದಿತ್ತು. ಅದು ಮೇಲೆ ಬರಬಾರದೆಂದೇ ಬಹುಶಃ ಇದನ್ನು ಮೇಲಿಟ್ಟಿದ್ದ.

ಕಂಪನಿಯ ಹಜಾರದ ಬಾಗಿಲಲ್ಲಿ ಸೆಕ್ಯುರಿಟಿಯವನ ಮೇಜಿತ್ತು. ನೀಲಿ ಅಂಗಿ, ಹೆಗಲ ಮೇಲೆ ಪಟ್ಟಿ, ಕನ್ನಡಕ. "ಯಾರನ್ನ ನೋಡಬೇಕ್ರಿ? ಇಲ್ಲೆ ಹೆಸರ ಬರೀರಿ" ಎಂದು ಅವನು ರಿಜಿಸ್ಟರು ತಿರುಗಿಸಿ ಮುಂದಿಟ್ಟ. ಆ ದನಿ ಕೇಳಿದ ಮೇಲೆ ಮುಖ ನೋಡಬೇಕಾದ ಅಗತ್ಯ ಇರಲಿಲ್ಲ. ಆದರೂ ರೇವಣಸಿದ್ದ ನೋಡಿದ. ನೋಡಿ, ಹೆಸರು ಬರೆದ, ವೇಳೆ ಬರೆದ, ಭೇಟಿಯ ಉದ್ದೇಶ ಎಂಬಲ್ಲಿ 'ಶಿಲ್ಪ' ಎಂದು ಬರೆದ. ಕರಿಬಸಪ್ಪ ಅದನ್ನು ತಿರುಗಿಸಿಕೊಂಡು ನಿಧಾನವಾಗಿ ಓದಿದ.

"ಕಾಕಾ, ನಾನು" ಎಂದ ರೇವಣಸಿದ್ದ.

"ಗೊತ್ತಾತ್ರಿ ಸರ್. ಮೊಬೈಲ್ ನಂಬರ್ ಬರೀಲಿಲ್ಲ."

ನಂಬರು ಬರೆದ. ಹಜಾರದಲ್ಲಿ ಇನ್ನಾರೂ ಇರಲಿಲ್ಲ. ಎದುರುಗೋಡೆಯ ಹತ್ತಿರ, ಮೇಲಿನಿಂದ ಬಿಟ್ಟ ಒಂಟಿ ದೀಪದ ಕೆಳಗೆ ತಗಡು ನಿಂತಿತ್ತು. ಅದರ ಮಡಿಕೆ ಅರ್ಧದಷ್ಟು ಬಿಚ್ಚಿತ್ತು. ಮೊದಲು ಕೈ ತೂರದಂತಿದ್ದ ಕಡೆ ಈಗ ಒಂದು ಊಟದ ಡಬ್ಬಿ ಇಡಬಹುದಿತ್ತು. ಹತ್ತಿರ ಹೋಗಿ ಬೆರಳಾಡಿಸಿದ. ಎಲ್ಲಿಯೂ ತಗಡು ಹಿಗ್ಗಿರಲಿಲ್ಲ, ಸೀಳಿರಲಿಲ್ಲ. ಕಲಾಶಾಲೆಯಲ್ಲಿ ವಾರಕ್ಕೆರಡು ದಿನ ಲೋಹದ ಕೆಲಸ ಕಲಿಸುವ ಅವನು ಇಷ್ಟು ಒಳ್ಳೆಯ ಕೆಲಸವನ್ನು ಮಾಡಿರಲಿಲ್ಲ, ನೋಡಿಯೂ ಇರಲಿಲ್ಲ. ಕರಿಬಸಪ್ಪ ಎದ್ದು ಬಂದು, ಯಾರಾದರೂ ಒಡವೆ ಅಂಗಡಿಯಲ್ಲಿ ನಿಲ್ಲುವಂತೆ ಕೈ ಹಿಂದೆ ಕಟ್ಟಿಕೊಂಡು ಎರಡು ಹೆಜ್ಜೆ ದೂರ ನಿಂತ.

"ಇದನ್ನ ಬಡದಾಂವ ನೀನ ಏನು ಕಾಕಾ?"

"ಹೌದ್ರಿ. ಮುಂಜಾನೆ ಆರೂವರಿಗೆ ಜನರೇಟರ್ ಟೆಸ್ಟ್ ಮಾಡತಾರ, ಹತ್ತು ನಿಮಿಷ. ಆ ಸಪ್ಪಳದಾಗ ಎಷ್ಟ ಆಗತೈತಿ ಅಷ್ಟ. ನನ್ನ ಇಲ್ಲಿಗೆ ಹಾಕಿ ಎರಡ ತಿಂಗಳಾತು."

"ಯಾಕ?"

"ಯಾಕಂದ್ರ? ಸೊಟ್ಟ ಐತಲ್ಲ."

ರೇವಣಸಿದ್ದ ಬೇರೆಯದೇ ಮಾತಿಗೆ ತಯಾರಾಗಿದ್ದ. ಇದು ನನ್ನದು, ನೀನು ನಿನ್ನ ಹೆಸರು ಹಾಕಿಕೊಂಡೆ ಎಂದು ಕಾಕಾ ಒಂದಲ್ಲ ಒಂದು ದಿನ ಎದುರಿಗೆ ನಿಂತು ಕೇಳುತ್ತಾನೆ, ಆಗ ಹೌದು ಎಂದು ಒಪ್ಪಿಕೊಂಡು ಹೆಸರಿನ ಫಲಕದಲ್ಲಿ ಅವನ ಹೆಸರನ್ನೂ ಸೇರಿಸುವುದು ಎಂದು ಅವನು ಬಹಳ ಹಿಂದೆಯೇ ನಿರ್ಧರಿಸಿಕೊಂಡಿದ್ದ. ಆ ದೃಶ್ಯದಲ್ಲಿ ತನ್ನ ದೊಡ್ಡತನ ಅವನಿಗೆ ಹಿಡಿಸಿತ್ತು. ಈಗ ಅದನ್ನೇ ಹೇಳಲು ಶುರುಮಾಡಿ, "ಕಾಕಾ, ಇದರ ಮ್ಯಾಲೆ ನಿನ್ನ ಹೆಸರು ಸೈತ..." ಎಂದನಷ್ಟೇ. ಕರಿಬಸಪ್ಪ ಹೌಹಾರಿದ.

"ಬ್ಯಾಡ್ರಿ! ಇಷ್ಟ ಮಾಡಿದ್ದು ಸಾಲಲಿಲ್ಲೇನು? ಎಂಟ ತಾಸು ಇದರ ಮುಂದ ಕುಂದರಬೇಕ್ರಿ ನಾ. ಮ್ಯಾಲೆ ಲೈಟ್ ಬ್ಯಾರೆ ಬಿಟ್ಟಾರ. ಮೂವತ್ತ ವರ್ಷ ಮುಚ್ಚಳ ಹೊಡದೀನಿ. ಲೆಕ್ಕ ಇಲ್ಲ. ಅದರಾಗ ಒಂದನ್ನರ ಯಾರರ ಎತ್ತಿ ಇಟ್ಟಾರೇನು? ಕೆಟ್ಟದ್ದು ಇದೊಂದ. ಇದನ್ನ ಆರಿಸಿ ತಂದು, ಕಲ್ಲಿನ ಮ್ಯಾಲೆ ನಿಂದರಿಸಿ, ಬಂದವರು ಹೋದವರು ನೋಡಲಿ ಅಂತ ಇಟ್ಟೀರಿ. ನನ್ನ ಮ್ಯಾಲೆ ಅಂಥಾದ್ದೇನ ಸಿಟ್ಟಿತ್ತರಿ ನಿಮಗ? ನಿಮಗ ರೊಟ್ಟಿ ಕೊಟ್ಟೀನಿ ನಾ."

"ಸಿಟ್ಟಲ್ಲ ಕಾಕಾ. ಚೆಂದ ಐತಿ ಅಂತ..."

"ಚೆಂದ ಅನ್ನಬ್ಯಾಡ್ರಿ" ಎಂದ ಕರಿಬಸಪ್ಪ. ದನಿ ಏರಿರಲಿಲ್ಲ. ಒಬ್ಬ ಹುಡುಗಿ ಲಿಫ್ಟಿನಿಂದ ಇಳಿದು ಬಂದು ಬಾಗಿಲು ದೂಡಿಕೊಂಡು ಹೋಗುವವರೆಗೆ ಇಬ್ಬರೂ ತಗಡನ್ನು ನೋಡುತ್ತಾ ನಿಂತರು. ಹೊರಗಿನಿಂದ ನೋಡಿದವರಿಗೆ ಇಬ್ಬರು ಕಲಾರಸಿಕರಂತೆ ಕಾಣುತ್ತಿದ್ದೇವೆ ಎಂಬ ಯೋಚನೆ ರೇವಣಸಿದ್ದನಿಗೆ ಬಂತು, ಅದು ಬಂದದ್ದಕ್ಕೆ ನಾಚಿಕೆಯೂ ಆಯಿತು. ಅವನ ಕಣ್ಣು ಮಡಿಕೆ ಹುಟ್ಟುವ ಜಾಗದಲ್ಲೇ ನಿಂತಿತ್ತು, ಕೆಳಗೆ, ಎಡಮೂಲೆಯಲ್ಲಿ. ಅಚ್ಚನ್ನು ಹಿಡಿದಿಡಲು ನಾಲ್ಕು ಬೋಲ್ಟು. ಅವತ್ತು ಎರಡು ಗಂಟೆಗೆ ಕಲಾಶಾಲೆಯಲ್ಲಿ ಇಂಟರ್‌ವ್ಯೂ, ಬಸ್ಸು ಸಿಗುತ್ತದೋ ಇಲ್ಲವೋ ಎಂಬ ದಿಗಿಲು. ಮೂರು ಬೋಲ್ಟಿಗೆ ಪಾನಾ ಹಾಕಿ ಬಿಗಿದಿದ್ದ. ಹಿಂದಿನದು, ಎಡಗಡೆಯದು, ಬಗ್ಗಿ ಕೈ ತೂರಿಸಬೇಕಾದ ಜಾಗದ್ದು. ಅದನ್ನು ಬೆರಳಲ್ಲೇ ತಿರುವಿ, ಬಂದು ನೋಡಿದರಾಯಿತು ಎಂದು ಕೈ ಒರೆಸಿಕೊಂಡು ಓಡಿದ್ದ. ಇಂಟರ್‌ವ್ಯೂನಲ್ಲಿ ಆಕಾರ ಎಂದರೇನು ಎಂದು ಕೇಳಿದ್ದರು. ಅವನು ಏನೋ ಹೇಳಿದ್ದ. ಅವರಿಗೆ ಅದು ಹಿಡಿಸಿತ್ತು. ಮರುದಿನ ಕಾರ್ಖಾನೆಗೆ ಬಂದಾಗ ಎಲ್ಲವೂ ಮುಗಿದಿತ್ತು. ಆಪರೇಟರಿನ ಅಜಾಗರೂಕತೆ ಎಂಬ ಕಾಗದ ಟೈಪಾಗಿ ಮೇಜಿನ ಮೇಲಿತ್ತು. ಟೈಪಾದದ್ದನ್ನು ಈಗ ಬದಲಿಸುವುದು ಹೇಗೆ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತ್ತು.

"ಅದು ನಿನ್ನ ತಪ್ಪಲ್ಲ ಕಾಕಾ" ಎಂದ. "ನಾ ಬೋಲ್ಟ್ ಬಿಗಿ ಮಾಡಿರಲಿಲ್ಲ."

ಕರಿಬಸಪ್ಪ ತಿರುಗಲಿಲ್ಲ. "ಯಾವ ಬೋಲ್ಟ್?"

"ಹಿಂದಿಂದು. ಎಡಗಡಿದು. ಕೈಲೆ ತಿರುವಿ ಬಿಟ್ಟಿದ್ದೆ. ಇಂಟರ್‌ವ್ಯೂ ಇತ್ತು ನಂದು, ಕಾಲೇಜಿಂದು. ನಿನಗ ಹೇಳಲಾರದ ಹೋದೆ."

ಕರಿಬಸಪ್ಪನ ಬಲಗೈ ತುಸು ಮೇಲೆದ್ದು, ಇಲ್ಲದ ಲಿವರೊಂದನ್ನು ಹಿಡಿದು ಮೆಲ್ಲಗೆ ಕೆಳಗೆಳೆಯಿತು. ಅರ್ಧಕ್ಕೆ ನಿಂತಿತು. ಮತ್ತೆ ಮೇಲಿನಿಂದ ಎಳೆಯಿತು. ತುಟಿ ಅಲ್ಲಾಡುತ್ತಿತ್ತು, ಲೆಕ್ಕ ಹಾಕುವವನ ಹಾಗೆ. "ಅದಕ್ಕ ಎಡಕ್ಕ ಎಳೀತು" ಎಂದ ಕೊನೆಗೆ. ಆಮೇಲೆ ಕನ್ನಡಕ ತೆಗೆದು ನೋಡಿದ, ಅದು ಯಾರದೋ ಎಂಬಂತೆ. "ನಾ ಕಣ್ಣು ಹೋಗ್ಯಾವ ಅಂದ್ಕೊಂಡಿದ್ದೆ. ತಗಡ ಸರಿ ಕೂತಿಲ್ಲ, ನನಗ ಕಂಡಿಲ್ಲ, ಹಂಗ ಒತ್ತೀನಿ ಅಂತ. ಆಮ್ಯಾಲೆ ಬ್ಯಾರೆ ಕಡೆ ಕರದ್ರು, ನಾ ಪ್ರೆಸ್ ಮುಟ್ಟಲಿಲ್ಲ. ಯಾರದರ ಕೈ ಹೋದ್ರ ಅಂತ ಅಂಜಿ ಮುಟ್ಟಲಿಲ್ಲ." ಕನ್ನಡಕವನ್ನು ಜೇಬಿಗಿಟ್ಟುಕೊಂಡ, ಮತ್ತೆ ತೆಗೆದು ಹಾಕಿಕೊಂಡ. ರೇವಣಸಿದ್ದ ಹೊಡೆತಕ್ಕೆ ಕಾದ. ಹೊಡೆದರೆ ಮುಗಿಯುತ್ತದೆ ಎಂದು ಅವನ ಒಳಗಿನ ಯಾವುದೋ ಒಂದು ಆಸೆಯಿಂದಲೇ ಕೆನ್ನೆ ಒಡ್ಡಿಕೊಂಡಿತ್ತು. ಕರಿಬಸಪ್ಪ ಮೇಜಿನ ಹತ್ತಿರ ಹೋಗಿ ಕೆಳಗಿನ ಖಾನೆಯಿಂದ, ಟವೆಲ್ಲು ಸುತ್ತಿದ ಕೊಡತಿಯನ್ನು ತಂದು ಅವನ ಕೈಗಿತ್ತ.

"ಹಂಗಾರ ಇದು ನಿಂದು."

"ಹೂಂ."

"ನೀನ ಬಡ್ಕೊ." ಮಾತಿನಲ್ಲಿ 'ಸರ್' ಹೋಗಿತ್ತು, 'ರೀ' ಹೋಗಿತ್ತು. ಹೊರಗೆ ಕಾರೊಂದು ಹಾರನ್ ಹೊಡೆಯಿತು. ಕರಿಬಸಪ್ಪ ಟೋಪಿ ಸರಿಮಾಡಿಕೊಂಡು ಗೇಟು ತೆಗೆಯಲು ಹೋದ.

ಪ್ರಭಾ ಲಿಫ್ಟಿನಿಂದ ಬಂದಾಗ ರೇವಣಸಿದ್ದ ಕೊಡತಿ ಹಿಡಿದುಕೊಂಡೇ ನಿಂತಿದ್ದ. ಆಕೆ ಕೊಡತಿಯನ್ನು ನೋಡಿದಳು, ಶಿಲ್ಪವನ್ನು ನೋಡಿದಳು. "ಓ, ನೀವೇನಾ ಸಾರ್? ಹೇಳೋದಲ್ವಾ! ಇವತ್ತು ಸಿಸಿ ಕ್ಯಾಮೆರಾ ತೆಗೆಸಿ ನೋಡಿ, ಯಾರು ಅಂತ ಗೊತ್ತಾದ್ರೆ ಕೆಲಸದಿಂದ ತೆಗೀಬೇಕು ಅಂತ ಮ್ಯಾನೇಜರ್ ಕೂತಿದಾರೆ." ಕ್ಯಾಮೆರಾ ಬೇಡ, ನಾನೇ ಹೇಳಿ ಮಾಡಿಸುತ್ತಿರುವುದು ಎಂದು ರೇವಣಸಿದ್ದ ಹೇಳಿದ. ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ, ಇದೇ ಹಗುರದಲ್ಲಿ ಅವತ್ತು ನಿಜವನ್ನೂ ಹೇಳಬಹುದಿತ್ತಲ್ಲ ಎಂದು ಅವನಿಗೆ ಅನ್ನಿಸಿತು. "ಕೆಲಸ ಇನ್ನೂ ಮುಗಿದಿರ್ಲಿಲ್ಲ ಮೇಡಂ." "ಒಂಬತ್ತು ವರ್ಷ ಆಗಿದೆ ಅಂತ ಬೋರ್ಡಲ್ಲಿದೆ ಸಾರ್?" "ಕೆಲವಕ್ಕೆ ಹಿಡಿಯುತ್ತೆ." ಆಕೆ ಅದನ್ನು ಒಪ್ಪಿಕೊಂಡಳು. ಆದರೆ ಬರವಣಿಗೆಯಲ್ಲಿ ಬೇಕು ಎಂದಳು. ಮೇಲೆ ಆಕೆಯ ಮೇಜಿನ ಮುಂದೆ ಕೂತು, ಕೃತಿಯಲ್ಲಿ ಆಗಿರುವ ಎಲ್ಲ ಬದಲಾವಣೆಗಳಿಗೂ ನಾನೇ ಹೊಣೆ ಎಂದು ಅವನು ಬರೆದ. ಹೊಣೆ ಎಂಬ ಪದ ಬರೆದಾದ ಮೇಲೆ ಅದನ್ನು ಸ್ವಲ್ಪ ಹೊತ್ತು ನೋಡಿದ. "ಲೆಟರ್‌ಹೆಡ್ ಇಲ್ವಾ ಸಾರ್?" ಇರಲಿಲ್ಲ. ಸಹಿಯ ಕೆಳಗೆ ಶಿಲ್ಪಿ ಎಂದು ಬರೆಯಲು ಹೇಳಿದಳು, ಬರೆದ. ಇನ್ನೆಷ್ಟು ಬದಲಾಗುತ್ತದೆ ಎಂದು ಆಕೆ ಕೇಳಿದಾಗ ಇನ್ನು ಆಗುವುದಿಲ್ಲ, ಇಷ್ಟೇ ಎಂದ. "ಈಗ್ಲೇ ಚೆನ್ನಾಗಿದೆ ಬಿಡಿ. ಮುಂಚೆ ಯಾರೋ ಬಂದು ಗುದ್ದಿದ ಹಾಗಿತ್ತು" ಎಂದು ಪ್ರಭಾ ಕಾಗದವನ್ನು ಕಡತದಲ್ಲಿ ಸೇರಿಸಿದಳು.

ಬಾಗಿಲಲ್ಲಿ ಕರಿಬಸಪ್ಪ ರಿಜಿಸ್ಟರು ತೋರಿಸಿ ಹೊರಹೋದ ವೇಳೆ ಬರೆಸಿಕೊಂಡ. ಕ್ಯಾಮೆರಾದ ವಿಷಯವನ್ನು ರೇವಣಸಿದ್ದ ಹೇಳಿದ, ಹೇಳಬಾರದಿತ್ತು. ಉಪಕಾರ ಮಾಡಿದವನ ಹಾಗೆ ಕೇಳಿಸಿತು. ಕರಿಬಸಪ್ಪ ರಿಜಿಸ್ಟರು ಮುಚ್ಚಿದ.

"ಐತವಾರ ಮನಿಗೆ ಬಾ. ಲಗ್ಗೆರಿ."

"ಯಾಕ ಕಾಕಾ?"

"ನನಗೊಬ್ಬಗ ಹೇಳಿದರ ಏನ ಬಂತು? ಹಾಲವ್ವಗ ಹೇಳು."

ಭಾನುವಾರ ರೇವಣಸಿದ್ದ ಲಗ್ಗೆರೆಗೆ ಹೋದ. ಹೋಗದಿರಲು ಕಾರಣಗಳನ್ನು ಹುಡುಕಿ, ಮೂರು ಒಳ್ಳೆಯವೇ ಸಿಕ್ಕಿ, ಆದರೂ ಹೋದ. ಬಾಳೆಹಣ್ಣು ಕೊಂಡ, ಮನೆ ಹತ್ತಿರ ಬಂದಾಗ ಬಾಳೆಹಣ್ಣು ಹಿಡಿದುಕೊಂಡು ಇಂಥ ಮಾತು ಹೇಳಲು ಹೋಗುವುದು ಹೇಗೆ ಅನ್ನಿಸಿ ಮೆಟ್ಟಿಲ ಕೆಳಗೆ ಇಟ್ಟ, ಯಾರಾದರೂ ಒಯ್ದಾರು ಎಂದು ಮತ್ತೆ ಎತ್ತಿಕೊಂಡ. ಮೊದಲ ಮಹಡಿಯ ಒಂದೂವರೆ ಕೋಣೆ. ಕರಿಬಸಪ್ಪ ಇಸ್ತ್ರಿಯಾದ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತಿದ್ದ. ಅವನ ಹೆಂಡತಿ ಹಾಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸುತ್ತಲಿನ ಡೆಲಿವರಿ ಹುಡುಗರಿಗೆ ದಿನವೂ ಅವಳದೇ ರೊಟ್ಟಿ. ಆಗಲೇ ಒಂದು ಬುಟ್ಟಿ ತುಂಬಿತ್ತು. ರೇವಣಸಿದ್ದನನ್ನು ಅವಳು ಹಿಂದೆ ನೋಡಿರಲಿಲ್ಲ. ಅವನ ಹಸಿವನ್ನಷ್ಟೇ ಬಲ್ಲಳು. "ಸಿದ್ದ ಅಂದ್ರ ಇವನ?" ಎಂದು ಮುಖ ಅರಳಿಸಿದಳು. ಅದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು.

"ಹೇಳು" ಎಂದ ಕರಿಬಸಪ್ಪ.

ಹೇಳಿದ. ತಡವರಿಸಿ, ಹಿಂದುಮುಂದಾಗಿ, ಅಚ್ಚು ಎಂದರೇನು ಎಂದು ಅವಳಿಗೆ ಗೊತ್ತಿದೆಯೋ ಇಲ್ಲವೋ ಎಂದು ಅನುಮಾನಿಸಿ ನಡುವೆ ಅದನ್ನೂ ವಿವರಿಸಿ ಹೇಳಿದ. ಹಾಲವ್ವನಿಗೆ ಅಚ್ಚು, ಬೋಲ್ಟು, ಪಾನಾ ಎಲ್ಲ ಗೊತ್ತಿತ್ತು. ಒಂಬತ್ತು ವರ್ಷ ಗಂಡ ಅದೊಂದನ್ನೇ ಹೇಳಿದ್ದ. ಅವಳ ಕೈ ನಿಲ್ಲಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ತಿರುವಿ ಹಾಕಿ, ಉಬ್ಬುವವರೆಗೆ ನೋಡಿ ತೆಗೆದಳು. "ಆ ವರ್ಷ ನಮ್ಮ ದಾನಮ್ಮನ ಮದುವಿ ಇತ್ತು" ಎಂದಳು. "ಬೀಗರ ಮುಂದ ಇವರು ತಲಿ ಎತ್ತಲಿಲ್ಲ. ಮಾವ ಪ್ರೆಸ್ ಮುರದಾನಂತ ಅಂತ ಅಳಿಯ ಈಗೂ ನಗತಾನ. ಎಲ್ಲಾರೂ ನಗತಾರ. ನಾನೂ ಒಂದ ದಿನ ಅಂದೀನಿ." ಅವಳು ಗಂಡನ ಕಡೆ ನೋಡಲಿಲ್ಲ. ಕರಿಬಸಪ್ಪನೂ ನೋಡಲಿಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದು, ರಾಣೆಬೆನ್ನೂರಿನ ಅಳಿಯನಿಗೆ ಹಚ್ಚಿ, ಸ್ಪೀಕರಿಗೆ ಹಾಕಿ, ರೇವಣಸಿದ್ದನ ಮುಂದೆ ಚಾಪೆಯ ಮೇಲಿಟ್ಟಳು. "ಅಮೀನಪ್ಪ ಅದಾನ. ಹೇಳಪಾ."

ಮುಖವಿಲ್ಲದವನಿಗೆ ಹೇಳುವುದು ಸುಲಭವಾಗಿತ್ತು. ಈ ಸಲ ಮಾತು ಸಾಲಾಗಿ ಬಂತು. ಆ ಕಡೆ ಎಲ್ಲೋ ಒಂದು ಟ್ರ್ಯಾಕ್ಟರು ಹೋದ ಸದ್ದು ಬಂತು. "ಹಂಗೇನು" ಎಂದ ಅಮೀನಪ್ಪ. "ಮಾಮಾರು ಅದಾರೇನು ಅಲ್ಲೆ?" ಕರಿಬಸಪ್ಪ ಫೋನನ್ನು ನೋಡಿದ, ಬಗ್ಗಲಿಲ್ಲ. "ಅದಾರ, ಕೇಳಾಕತ್ತಾರ" ಎಂದಳು ಹಾಲವ್ವ. ಅಮೀನಪ್ಪ ಆರಾಮ ಅದಾರೇನು ಎಂದು ಕೇಳಿ ಇಟ್ಟ. ಊಟಕ್ಕೆ ಮೊದಲು ದಾನಮ್ಮನೇ ತಿರುಗಿ ಫೋನು ಮಾಡಿದಳು, ಅವಳಿಗೆ ಇನ್ನೊಮ್ಮೆ ಹೇಳಿದ. ಕರಿಬಸಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಅಚ್ಚು ಜಾರಿದ ಕಡೆ ರೇವಣಸಿದ್ದ 'ಸ್ವಲ್ಪ' ಎಂದಾಗ ಕಣ್ಣು ತೆಗೆಯದೆ, "ಎರಡ ಬೆರಳ" ಎಂದು ತಿದ್ದಿದ. ಅವಳಿಗೆ ಹೇಳುವಾಗ, ಬೆರಳಲ್ಲಿ ತಿರುವಿ ಬಿಟ್ಟೆ ಎಂಬಲ್ಲಿ ತಾನು ಒಂದು ಕ್ಷಣ ನಿಲ್ಲಿಸಿದ್ದು, ಆ ನಿಲುಗಡೆ ಬೇಕಾದಷ್ಟೇ ಇದ್ದದ್ದು ರೇವಣಸಿದ್ದನ ಗಮನಕ್ಕೆ ಬಂತು. ಕಲಾಶಾಲೆಯಲ್ಲಿ ಸ್ಲೈಡು ತೋರಿಸುತ್ತಾ ಮಾತಾಡುವಾಗಲೂ ಅವನು ಹೀಗೇ ನಿಲ್ಲಿಸುತ್ತಿದ್ದ. ಹಾಲವ್ವ ತಟ್ಟೆ ಹಾಕಿದಳು. ಬೇಡ ಎನ್ನುವ ಧೈರ್ಯವಾಗದೆ ತಿಂದ. ರೊಟ್ಟಿಯ ರುಚಿ ಬದಲಾಗಿರಲಿಲ್ಲ, ಎರಡನೆಯದನ್ನು ಅವಳು ಕೇಳದೆಯೇ ಹಾಕಿದಳು.

ಅವನು ಹೊರಡಲು ಎದ್ದಾಗ ಕೆಳಗಿನಿಂದ ಮನೆ ಓನರು ಚಿಕ್ಕಣ್ಣ ಬಂದ. ಈ ಬೀದಿಯೆಲ್ಲ ಹೊಲವಾಗಿದ್ದ ಕಾಲದಿಂದ ಇಲ್ಲಿಯೇ ಇರುವವನು, ಬಾಗಿಲಲ್ಲಿ ನಿಂತರೆ ಬಾಗಿಲು ತುಂಬುವಷ್ಟು ದಪ್ಪ. "ಏನ್ ಕರಿಬಸಪ್ಪನೋರೆ, ನೆಂಟ್ರಾ? ನೀರಿನ ಮೋಟ್ರು ಕೆಟ್ಟೋಗದೆ, ಒಸಿ ನೋಡ್ತೀರಾ ಅಂತ ಬಂದೆ. ನೋಡ್ತೀರೋ, ಇಲ್ಲಾ ಮುರುದಾಕ್ತೀರೋ" ಎಂದು ತನ್ನ ಮಾತಿಗೆ ತಾನೇ ನಕ್ಕ. ಹಾಲವ್ವ ನಗಲಿಲ್ಲ. ಗೋಡೆಗೆ ಆನಿಸಿದ್ದ ಮಡಿಚುವ ಕುರ್ಚಿಯನ್ನು ತಂದು ಬಿಡಿಸಿ ಅವನಿಗೆ ಹಾಕಿದಳು. ರೇವಣಸಿದ್ದ ಯಾರೂ ಹೇಳುವ ಮೊದಲೇ ಮತ್ತೆ ಚಾಪೆಯ ಮೇಲೆ ಕೂತ. ಈ ಸಲ ಸಲೀಸಾಗಿ ಹೇಳಿದ. ನಾಲ್ಕು ಬೋಲ್ಟು, ಮೂರು ಬಿಗಿ, ಒಂದು ಸಡಿಲ, ಎರಡು ಬೆರಳು. ಚಿಕ್ಕಣ್ಣನಿಗೆ ಅರ್ಥವಾಗುವಂತೆ ನೊಗ, ನೇಗಿಲಿನ ಹೋಲಿಕೆಯನ್ನೂ ಕೊಟ್ಟ. ಚಿಕ್ಕಣ್ಣ ಬಾಯಿ ತೆರೆದು ಕೇಳಿದ. ಮುಗಿದ ಮೇಲೆ, "ಅಯ್ಯೋ ಶಿವನೆ, ಇಷ್ಟು ದಿನ ನಾವೂ ಇವರನ್ನೇ ಅಂದ್ಕೊಂಡ್ ಬಂದ್ವಲ್ಲ" ಎಂದು ಕರಿಬಸಪ್ಪನ ಕಡೆ ತಿರುಗಿದ. ಮಾತು ಚೆನ್ನಾಗಿ ಬಂತು ಎಂದು ರೇವಣಸಿದ್ದನಿಗೆ ಅನ್ನಿಸಿತು.

ಕರಿಬಸಪ್ಪ ಕಣ್ಣು ತೆರೆದ.

"ಇಂಟರ್‌ವ್ಯೂದ್ದು ಬಿಟ್ಟಿ" ಎಂದ. "ಯಾಕ ಸಡ್ಲ ಬಿಟ್ಟಿ ಅನ್ನೂದು ಬರಲಿಲ್ಲ."

ಅದನ್ನು ಸೇರಿಸಿದರೆ ಮಾತಿನ ಓಟ ಕೆಡುತ್ತದೆ ಎಂದು ರೇವಣಸಿದ್ದ ಬಿಟ್ಟಿದ್ದ. ಹೇಳುತ್ತಿರುವಾಗಲೇ, ಗೊತ್ತಿದ್ದೇ, ಬಿಟ್ಟಿದ್ದ.

"ಮೊದಲಿಂದ ಹೇಳು" ಎಂದ ಕರಿಬಸಪ್ಪ. ಚಿಕ್ಕಣ್ಣ ಮೋಟರಿನ ವಿಷಯ ಮರೆತು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಹಾಲವ್ವ ಒಲೆ ಸಣ್ಣ ಮಾಡಿದಳು.

"ಅವತ್ತು ಎರಡು ಗಂಟೆಗೆ ನಂಗೊಂದು ಇಂಟರ್‌ವ್ಯೂ ಇತ್ತು" ಎಂದು ರೇವಣಸಿದ್ದ ಶುರು ಮಾಡಿದ.